ಬಿಲ್ಲಿನಲ್ಲಿ ಉಳಿಸಿ, ಅಲಗಿನಲ್ಲಿ ಬೇಡ

ಇವತ್ತು ಒಂದು ದಿನ ವಿಧಾನಸೌಧದ ಸುದ್ದಿ ಬಿಟ್ಟುಬಿಡೋಣ.

ಹಾಸನದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ನನಗೆ ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಮೂರು ನಿಮಿಷದ ಮೆಸೇಜು. ಧ್ವನಿಯಲ್ಲಿ ಗಾಬರಿ ಇದೆ. ಮಗ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಇಂಜಿನಿಯರು. ಜೊತೆಗೆ ಕೆಲಸ ಮಾಡೋರು, 'ಬಾ, ಈ ಸಲ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗೋಣ' ಅಂದಿದ್ದಾರೆ. ಮಗ ಒಪ್ಪಿಬಿಟ್ಟಿದ್ದಾನೆ. ಅಂಗಡಿಗೆ ಹೋದರೆ ಬಿಲ್ಲೊಂದಕ್ಕೇ 1,300 ಡಾಲರ್ ಅಂದರಂತೆ. ನಮ್ಮ ಲೆಕ್ಕದಲ್ಲಿ ಲಕ್ಷ ದಾಟಿತು. ಅಷ್ಟು ಬೇಡ ಅಂತ ಆನ್‌ಲೈನ್‌ನಲ್ಲಿ 90 ಡಾಲರಿನದ್ದೊಂದು ನೋಡಿಟ್ಟುಕೊಂಡಿದ್ದಾನಂತೆ.

ಮೇಷ್ಟ್ರ ಪ್ರಶ್ನೆ ಎರಡು. 'ಸಾರ್, ಜಿಂಕೆ ಹೊಡೆದರೆ ಜೈಲಲ್ವಾ? ಜೈಲು ಇಲ್ಲ ಅಂತಾನೇ ಇಟ್ಕೊಳ್ಳಿ, ಆ 90 ಡಾಲರಿನ ಬಿಲ್ಲು ಹಿಡ್ಕೊಂಡು ಇವನು ಏನು ಅನಾಹುತ ಮಾಡ್ಕೊಳ್ತಾನೋ?'

ಮೊದಲ ಪ್ರಶ್ನೆ ಕೇಳಿ ನಗಬೇಡಿ. ಅದು ಸರಿಯಾದ ಪ್ರಶ್ನೆ. ಇದೇ ಕೆಲಸವನ್ನ ಮಗ ಸಕಲೇಶಪುರದ ಕಾಡಲ್ಲಿ ಮಾಡಿದ್ದರೆ ಖಂಡಿತ ಜೈಲೇ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಮೊದಮೊದಲು ಅದರಲ್ಲೂ ಕೆಲವು ಪ್ರಾಣಿಗಳಿಗೆ ಪರವಾನಗಿ ತಗೊಂಡು ಬೇಟೆ ಆಡಬಹುದಿತ್ತು. 1991ರ ತಿದ್ದುಪಡಿ ಬಂದಮೇಲೆ ಆ ಬಾಗಿಲೂ ಮುಚ್ಚಿತು. ಕೋವಿಯಾಗಲಿ, ಬಿಲ್ಲಾಗಲಿ, ಉರುಳಾಗಲಿ, ಶೋಕಿಗೆ ಕಾಡುಪ್ರಾಣಿ ಹೊಡೆಯೋ ಹಾಗಿಲ್ಲ. ಮಾಂಸ ಮನೆಯಲ್ಲಿ ಇಟ್ಟುಕೊಂಡರೂ ಕೇಸು. ಆದ್ದರಿಂದ ಇಲ್ಲಿಂದ ಮುಂದೆ ನಾನು ಹೇಳೋದೆಲ್ಲ ಅಮೆರಿಕದ ಮಾತು. ಇದನ್ನ ಓದಿ ಯಾರಾದರೂ ಬಂಡೀಪುರದ ಕಡೆ ಹೊರಟರೆ, ಸಂಜೆ ಬುಲೆಟಿನ್‌ನಲ್ಲಿ ನಾನೇ ನಿಮ್ಮ ಹೆಸರು ಓದಬೇಕಾಗುತ್ತೆ.

ಹಾಗಾದ್ರೆ ಅಲ್ಲಿ ಯಾಕೆ ತಪ್ಪಲ್ಲ? ಒಂದು ವಿಚಿತ್ರ ಕಾಕತಾಳೀಯ ನೋಡಿ. ಅಮೆರಿಕದಲ್ಲಿ 1937ರಿಂದ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ ಅಂತ ಒಂದಿದೆ. ಬೇಟೆಯ ಬಂದೂಕು, ಮದ್ದುಗುಂಡುಗಳ ಮೇಲೆ ವಿಶೇಷ ಸುಂಕ ಹಾಕಿ, ಆ ದುಡ್ಡನ್ನ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಕೊಡೋದು. ನಾವು ವನ್ಯಜೀವಿ ಕಾಯ್ದೆ ತಂದ ಅದೇ 1972ರಲ್ಲಿ ಅವರು ಬಿಲ್ಲು ಬಾಣಗಳನ್ನೂ ಆ ಸುಂಕದ ಪಟ್ಟಿಗೆ ಸೇರಿಸೋ ಕಾನೂನು ಮಾಡಿದರು. ಬಿಲ್ಲಿನ ಮೇಲೆ ಶೇಕಡಾ 11. ಕಾಡುಪ್ರಾಣಿ ಉಳಿಸೋದಕ್ಕೆ ಎರಡು ದೇಶ ಒಂದೇ ವರ್ಷ ಎರಡು ಬೇರೆ ದಾರಿ ಹಿಡಿದವು.

ಅಲ್ಲಿನ ಬಿಳಿಬಾಲದ ಜಿಂಕೆ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಐದು ಲಕ್ಷದ ಆಸುಪಾಸಿಗೆ ಇಳಿದಿತ್ತು ಅನ್ನೋದು ಅಂದಾಜು. ಲಂಗುಲಗಾಮಿಲ್ಲದೆ ಹೊಡೆದು ಮಾರಿಬಿಟ್ಟಿದ್ದರು. ಆಮೇಲೆ ಮಾರಾಟ ನಿಲ್ಲಿಸಿದರು, ಬೇಟೆಗೆ ಕಾಲ ಗೊತ್ತು ಮಾಡಿದರು, ಲೆಕ್ಕ ಇಟ್ಟರು. ಇವತ್ತು ಸುಮಾರು ಮೂರು ಕೋಟಿ ಇವೆ. ಅವನ್ನ ತಿನ್ನುತ್ತಿದ್ದ ತೋಳ, ಪೂಮಾಗಳು ಪೂರ್ವದ ಬಹುಪಾಲು ರಾಜ್ಯಗಳಲ್ಲಿ ಇಲ್ಲ. ಜಿಂಕೆ ರಸ್ತೆಗೆ ಬರುತ್ತೆ, ಕಾರಿಗೆ ಗುದ್ದುತ್ತೆ, ಹೊಲ ಮೇಯುತ್ತೆ. ಅದಕ್ಕೇ ಸರ್ಕಾರವೇ ಪರವಾನಗಿ ಕೊಟ್ಟು, ಇಷ್ಟೇ ಅಂತ ಹೇಳಿ ಹೊಡೆಸುತ್ತೆ.

ಮಿಷಿಗನ್‌ನಲ್ಲಿ 1960ರ ಜನವರಿ 1 ಮತ್ತು ಅದರಾಚೆ ಹುಟ್ಟಿದವರು ಬೇಟೆ ಸುರಕ್ಷತೆಯ ತರಬೇತಿ ಮುಗಿಸಿಯೇ ಪರವಾನಗಿ ತಗೊಳ್ಳಬೇಕು. ಅಲ್ಲಿ ಬಿಲ್ಲಿನ ಕಾಲ ಅಕ್ಟೋಬರ್ 1ಕ್ಕೆ ಶುರು, ನವೆಂಬರ್ 15ರಿಂದ ಬಂದೂಕಿನ ಕಾಲ. ಹೊಡೆದ ಮಾಂಸವನ್ನ ಮಾರೋ ಹಾಗಿಲ್ಲ. ಮನೆಯಲ್ಲಿ ತಿನ್ನಬಹುದು, ಇಲ್ಲಾ ಬಡವರ ಊಟಕ್ಕೆ ದಾನ ಕೊಡಬಹುದು.

ಇಷ್ಟು ಹೇಳಿದೆ ಅಂತ ನಾನು ಬೇಟೆಯ ಪರ ವಕಾಲತ್ತು ಮಾಡ್ತಿದೀನಿ ಅಂದ್ಕೋಬೇಡಿ. ನನ್ನ ಕೈಲಿ ಆಗೋ ಕೆಲಸ ಅಲ್ಲ ಅದು. ಆದರೆ ಮೇಷ್ಟ್ರ ಮಗ ಹೋಗಿಯೇ ಹೋಗ್ತಾನೆ ಅಂದಮೇಲೆ, ಎರಡನೇ ಪ್ರಶ್ನೆಗೆ ಉತ್ತರ ಬೇಕಲ್ಲ? ಅದೇ ದೊಡ್ಡ ಪ್ರಶ್ನೆ. ಕಡಿಮೆ ದುಡ್ಡಲ್ಲಿ ಶುರು ಮಾಡೋನು ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು?

ಇದಕ್ಕೆ ಮೊದಲು ಒಂದು ವಿಷಯ ಗೊತ್ತಿರಬೇಕು. ಬಂದೂಕಿನ ಗುಂಡು ಹೊಡೆತದ ಜೋರಿನಿಂದ ಪ್ರಾಣಿಯನ್ನ ಕೆಡವುತ್ತೆ. ಬಾಣ ಹಾಗಲ್ಲ, ಅದು ಕೊಯ್ಯುತ್ತೆ. ಅಲಗು ಹರಿತವಾಗಿದ್ದು, ಎರಡೂ ಶ್ವಾಸಕೋಶ ಹಾದುಹೋದರೆ, ಜಿಂಕೆ ನೂರಿನ್ನೂರು ಹೆಜ್ಜೆಯೊಳಗೆ, ಕೆಲವೇ ಸೆಕೆಂಡಿನಲ್ಲಿ ಬೀಳುತ್ತೆ. ಅದೇ ಬಾಣ ಹೊಟ್ಟೆಗೆ ತಗುಲಿದರೆ? ಗಂಟೆಗಟ್ಟಲೆ ನರಳುತ್ತೆ. ತೊಡೆಗೆ ನಾಟಿಕೊಂಡರೆ? ಬಾಣ ಹೊತ್ತುಕೊಂಡೇ ಓಡಿಹೋಗುತ್ತೆ, ನಿಮ್ಮ ಕೈಗೂ ಸಿಗಲ್ಲ.

ಹಾಗಾಗಿ ಅಂಗಡಿಯಲ್ಲಿ ಪ್ರತಿ ಸಾಮಾನು ಕೈಗೆತ್ತಿಕೊಂಡಾಗಲೂ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದರಲ್ಲಿ ನಾನು ಉಳಿಸಿದರೆ ತೊಂದರೆ ಅನುಭವಿಸೋದು ಯಾರು? ನಾನಾ, ಆ ಪ್ರಾಣಿಯಾ? ನೀವೇ ಅಂತಾದರೆ ಧಾರಾಳವಾಗಿ ಉಳಿಸಿ. ಪ್ರಾಣಿ ಅಂತಾದರೆ ಅಲ್ಲಿ ಜಿಪುಣತನ ಬೇಡ. ಇದೊಂದು ಅಳತೆಗೋಲು ಇಟ್ಕೊಂಡು ಒಂದೊಂದೇ ಸಾಮಾನು ನೋಡೋಣ.

ಮೊದಲು ಬಿಲ್ಲು. ಅಲ್ಲಿ ಬೇಟೆಗೆ ಹೆಚ್ಚಿನವರು ಬಳಸೋದು ಕಾಂಪೌಂಡ್ ಬಿಲ್ಲು. ಎರಡು ತುದಿಗೆ ರಾಟೆಯಂಥ ಚಕ್ರಗಳಿರುತ್ತವೆ. ಹಾಲಿಸ್ ವಿಲ್ಬರ್ ಆಲೆನ್ ಅನ್ನೋ ಮಿಸೌರಿಯ ವ್ಯಕ್ತಿ ಇದಕ್ಕೆ ಪೇಟೆಂಟ್ ಪಡೆದದ್ದು 1969ರಲ್ಲಿ. ಇದರ ಅನುಕೂಲ ಏನು ಅಂದ್ರೆ, ಎಳೆಯುವಾಗ 60 ಪೌಂಡ್ ಭಾರ ಇದ್ದರೂ, ಪೂರ್ತಿ ಎಳೆದ ಮೇಲೆ ಚಕ್ರ ತಿರುಗಿ ಹೆಚ್ಚಿನ ಭಾರವನ್ನ ತಾನೇ ಹೊತ್ತುಕೊಳ್ಳುತ್ತೆ. ಬೆರಳಿಗೆ ಉಳಿಯೋದು ಹತ್ತು–ಹನ್ನೆರಡು ಪೌಂಡ್. ಸಮಾಧಾನವಾಗಿ ಗುರಿ ಹಿಡಿಯಬಹುದು. ಚಕ್ರ ಇಲ್ಲದ ಹಳೇ ಮಾದರಿಯ ರಿಕರ್ವ್ ಬಿಲ್ಲು ಅಗ್ಗ, ನೋಡೋಕೂ ಚಂದ. ಆದರೆ ಅದರಲ್ಲಿ ಪೂರ್ತಿ ಭಾರ ನಿಮ್ಮ ಬೆರಳ ಮೇಲೇ ಇರುತ್ತೆ. ಅದರಲ್ಲಿ ಕೈ ಕೂರಬೇಕಾದರೆ ವರ್ಷಗಟ್ಟಲೆ ಸಾಧನೆ ಬೇಕು. ಮೇಷ್ಟ್ರ ಮಗ ನೋಡಿಟ್ಟಿರೋ 90 ಡಾಲರಿನದ್ದು ಬಹುಶಃ ಅಂಥದ್ದೇ. ಕಲಿಯೋಕೆ ಬೇಕಾದರೆ ಇರಲಿ. ಮೊದಲ ವರ್ಷವೇ ಅದನ್ನ ಹಿಡ್ಕೊಂಡು ಜಿಂಕೆ ಮುಂದೆ ನಿಲ್ಲೋದು ಬೇಡ.

ಹಾಗಂತ 1,300 ಡಾಲರ್ ಕೊಡಬೇಕಾ? ಖಂಡಿತ ಬೇಡ. ಅಲ್ಲಿ ಹೊಸಬರಿಗೆ ಅಂತಲೇ ಸೆಟ್ ಸಿಗುತ್ತೆ. ಬಿಲ್ಲು, ಗುರಿ ನೋಡೋ ಸೈಟು, ಬಾಣ ಕೂರಿಸೋ ರೆಸ್ಟು, ಬತ್ತಳಿಕೆ, ಎಲ್ಲ ಸೇರಿ ಸುಮಾರು 350ರಿಂದ 500 ಡಾಲರ್. ಬೇರ್ ಕಂಪನಿಯ ಕ್ರೂಜರ್, ಡೈಮಂಡ್ ಕಂಪನಿಯ ಇನ್ಫಿನಿಟ್ ಎಡ್ಜ್ ಈ ಸಾಲಿನವು. ಇದು ಜಾಹೀರಾತಲ್ಲ, ಉದಾಹರಣೆಗೆ ಹೇಳಿದೆ. ಇವುಗಳ ವಿಶೇಷ ಅಂದ್ರೆ ಎಳೆತದ ಉದ್ದ, ಎಳೆತದ ಭಾರ ಎರಡನ್ನೂ ತುಂಬಾ ಹೆಚ್ಚು ಕಡಿಮೆ ಮಾಡಬಹುದು. ಕೈ ಬಲಿತ ಹಾಗೆ ಬಿಲ್ಲೂ ಬಲಿಯುತ್ತೆ. ಎರಡನೇ ವರ್ಷ ಇನ್ನೊಂದು ಬಿಲ್ಲು ಕೊಳ್ಳೋ ಖರ್ಚಿಲ್ಲ.

ಈ ಎಳೆತದ ಉದ್ದ ಅನ್ನೋದು ಚಪ್ಪಲಿ ಅಳತೆ ಇದ್ದಹಾಗೆ. ಬೇರೆಯವರದ್ದು ನಿಮಗೆ ಆಗಲ್ಲ. ಎರಡೂ ಕೈ ಅಗಲಕ್ಕೆ ಚಾಚಿ, ಬೆರಳ ತುದಿಯಿಂದ ಬೆರಳ ತುದಿಗೆ ಇಂಚಿನಲ್ಲಿ ಅಳೆದು ಎರಡೂವರೆಯಿಂದ ಭಾಗಿಸಿ. 70 ಇಂಚು ಬಂದರೆ ಎಳೆತದ ಉದ್ದ ಸುಮಾರು 28 ಇಂಚು. ಇದು ಅಂದಾಜು ಮಾತ್ರ. ಬಿಲ್ಲಿನ ಅಂಗಡಿಯಲ್ಲಿ ನಿಲ್ಲಿಸಿ ಸರಿಯಾಗಿ ನೋಡ್ತಾರೆ. ಅಳತೆಗೆ ಸರಿಯಾಗಿ ಕೂತ 400 ಡಾಲರಿನ ಬಿಲ್ಲಿನ ಮುಂದೆ, ಅಳತೆ ತಪ್ಪಿದ 1,300 ಡಾಲರಿನ ಬಿಲ್ಲು ಏನೂ ಅಲ್ಲ.

ಭಾರದ ವಿಷಯದಲ್ಲಿ ಗಂಡಸರು ಮಾಡೋ ತಪ್ಪು ಒಂದೇ. ಜಂಬ. '70 ಪೌಂಡ್ ಕೊಡಿ' ಅಂತಾರೆ. ಜಿಂಕೆಗೆ ಬೇಟೆಯಾಡೋಕೆ ಬಹಳಷ್ಟು ರಾಜ್ಯಗಳು ಕೇಳೋ ಕನಿಷ್ಠ ಭಾರ 35ರಿಂದ 40 ಪೌಂಡ್, ಅಷ್ಟೇ. 50 ಪೌಂಡ್ ಇದ್ದರೆ ಧಾರಾಳ ಆಯ್ತು. ಒಂದು ಪರೀಕ್ಷೆ ಇದೆ. ಕುರ್ಚಿ ಮೇಲೆ ಕೂತು, ಬಿಲ್ಲನ್ನ ಎದುರಿಗೆ ನೇರ ಹಿಡಿದು, ನಿಧಾನಕ್ಕೆ ಎಳೀರಿ. ಬಿಲ್ಲನ್ನ ಆಕಾಶಕ್ಕೆ ಎತ್ತಿ ಒದ್ದಾಡಿ ಎಳೆಯಬೇಕಾಯ್ತು ಅಂದ್ರೆ ಭಾರ ಜಾಸ್ತಿ. ನವೆಂಬರ್ ಚಳಿಯಲ್ಲಿ, ಮೂರು ಗಂಟೆ ಅಲುಗಾಡದೆ ಕೂತು ಮೈ ಮರಗಟ್ಟಿದಾಗ, ಅದು ಇನ್ನೂ ಭಾರ ಆಗುತ್ತೆ. ಅಷ್ಟೆಲ್ಲ ಒದ್ದಾಡೋದನ್ನ ಜಿಂಕೆ ನೋಡದೆ ಇರುತ್ತಾ?

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಮೇಷ್ಟ್ರಿಗೆ ಇಷ್ಟ ಆಗಬಹುದು. ದುಬಾರಿ ಬಿಲ್ಲು ಮಾರೋರು ಹೇಳೋ ಮೊದಲ ಮಾತು ವೇಗ. ಸಾಧಾರಣ ಬಿಲ್ಲಿನ ಬಾಣ ಸೆಕೆಂಡಿಗೆ 250 ಅಡಿ ಹೋಗುತ್ತೆ, ನಮ್ಮದು 300 ಅಡಿ ಹೋಗುತ್ತೆ ಅಂತಾರೆ. ಸರಿ. ಜಿಂಕೆ 40 ಗಜ ದೂರದಲ್ಲಿದೆ ಅನ್ನಿ, ಅಂದ್ರೆ 120 ಅಡಿ. ಅಗ್ಗದ ಬಿಲ್ಲಿನ ಬಾಣಕ್ಕೆ ಬೇಕಾದ ಹೊತ್ತು 0.48 ಸೆಕೆಂಡ್. ದುಬಾರಿ ಬಿಲ್ಲಿಗೆ 0.40. ಉಳಿದದ್ದು 0.08 ಸೆಕೆಂಡ್. ಆದರೆ ಹೆದೆ ಬಿಟ್ಟ ಸದ್ದು ಬಾಣಕ್ಕಿಂತ ಮೊದಲೇ ಜಿಂಕೆಯ ಕಿವಿಗೆ ಬೀಳುತ್ತೆ. ಸದ್ದಿನ ವೇಗ ಸೆಕೆಂಡಿಗೆ 1,100 ಅಡಿಗೂ ಹೆಚ್ಚು. ಎಚ್ಚರದಲ್ಲಿರೋ ಜಿಂಕೆ ಸದ್ದು ಕೇಳಿದ ಕೂಡಲೇ ಓಡೋಕೆ ಅಂತ ಮೈ ಕೆಳಗೆ ಇಳಿಸುತ್ತೆ. ಆ ಅರ್ಧ ಸೆಕೆಂಡಿನೊಳಗೆ ಬಾಣ ತಗುಲೋ ಜಾಗವೇ ಬದಲಾಗಿರುತ್ತೆ.

ಈಗ ಅದೇ 250 ಅಡಿ ವೇಗದ ಅಗ್ಗದ ಬಿಲ್ಲು ಹಿಡ್ಕೊಂಡು 20 ಗಜದ ತನಕ ಕಾಯಿರಿ. ಬಾಣಕ್ಕೆ ಬೇಕಾದ ಹೊತ್ತು 0.24 ಸೆಕೆಂಡ್. ಅರ್ಧಕ್ಕರ್ಧ ಇಳಿಯಿತು. ಸಾವಿರ ಡಾಲರ್ ಕೊಟ್ಟು ಕೊಂಡ ವೇಗಕ್ಕಿಂತ ಮೂರು ಪಟ್ಟು ಲಾಭ, ಬರೀ ತಾಳ್ಮೆಯಿಂದ ಸಿಕ್ಕಿತು.

ಇದು ನನ್ನ ಲೆಕ್ಕ ಅಂತ ತಳ್ಳಿಹಾಕಬೇಡಿ. ಆ ದೇಶದಲ್ಲಿ ಬಿಲ್ಲು ಬೇಟೆ ಮತ್ತೆ ಜೀವ ಪಡೆಯೋದರ ಹಿಂದೆ ಒಂದು ಕತೆ ಇದೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಅನ್ನೋ ಊರಿನ ಹತ್ತಿರ ಒಬ್ಬ ಮೂಲನಿವಾಸಿ ಕಾಡಿಂದ ಹೊರಗೆ ಬಂದ. ಯಾಹಿ ಜನಾಂಗದವನು. ಬಿಳಿಯರ ಹತ್ಯಾಕಾಂಡದಲ್ಲಿ, ರೋಗದಲ್ಲಿ, ಹಸಿವಿನಲ್ಲಿ ಅವನ ಜನರೆಲ್ಲ ಹೋಗಿದ್ದರು. ಉಳಿದವನು ಅವನೊಬ್ಬನೇ. ತನ್ನ ಹೆಸರು ಹೇಳಲಿಲ್ಲ, ಇಷಿ ಅಂತ ಕರೆದರು. ಅವರ ಭಾಷೆಯಲ್ಲಿ ಮನುಷ್ಯ ಅಂತ ಅರ್ಥ. ಸ್ಯಾಕ್ಸ್‌ಟನ್ ಪೋಪ್ ಅನ್ನೋ ವೈದ್ಯರು ಅವನಿಗೆ ಚಿಕಿತ್ಸೆ ಕೊಡುತ್ತಾ ಕೊಡುತ್ತಾ ಅವನಿಂದಲೇ ಬಿಲ್ಲು ವಿದ್ಯೆ ಕಲಿತರು. 1916ರಲ್ಲಿ ಇಷಿ ಕ್ಷಯದಿಂದ ತೀರಿಕೊಂಡ. 1923ರಲ್ಲಿ ಪೋಪ್ ಬರೆದ ಪುಸ್ತಕ ಓದಿ ಅಮೆರಿಕನ್ನರು ಮತ್ತೆ ಬಿಲ್ಲು ಹಿಡಿದರು. ಇಷಿಯ ಬಿಲ್ಲು ಭಾರಿ ಬಲದ್ದೇನಲ್ಲ. ಹೊಂಚಿ ಕೂರೋದು, ಪ್ರಾಣಿಯ ದನಿ ಮಾಡಿ ಕರೆಯೋದು, ತೀರಾ ಹತ್ತಿರ ಬರೋ ತನಕ ಕಾಯೋದು, ಇದು ಅವನ ವಿದ್ಯೆ. ಅದು ಇವತ್ತಿಗೂ ಯಾವ ಅಂಗಡಿಯಲ್ಲೂ ಸಿಗಲ್ಲ.

ಸೆಕೆಂಡ್ ಹ್ಯಾಂಡ್ ಬಿಲ್ಲು ತಗೋಬಹುದಾ? ತಗೋಬಹುದು. ನಾಲ್ಕೈದು ವರ್ಷ ಹಳೆಯ ಒಳ್ಳೇ ಬಿಲ್ಲು ಅರ್ಧ ಬೆಲೆಗೆ ಸಿಗುತ್ತೆ. ಆದರೆ ಹಳೇ ಸ್ಕೂಟರ್ ಕೊಳ್ಳೋವಾಗ ನೋಡೋ ಹಾಗೆ ನೋಡಿ. ಬಿಲ್ಲಿನ ಬಾಗೋ ಪಟ್ಟಿಗಳ ಮೇಲೆ ಹತ್ತಿಯ ಉಂಡೆ ಸವರಿ. ಎಲ್ಲಾದರೂ ಹತ್ತಿ ಎಳೆದು ಸಿಕ್ಕಿಕೊಂಡರೆ ಅಲ್ಲಿ ಬಿರುಕು ಇದೆ ಅಂತ ಅರ್ಥ, ಕೈ ಮುಗಿದು ವಾಪಸ್ ಕೊಡಿ. ಹೆದೆ ನೂಲುನೂಲಾಗಿದ್ದರೆ ಹೊಸ ಹೆದೆಯ ಖರ್ಚು ಬೆಲೆಯಲ್ಲಿ ಕಡಿಯಿರಿ. ಎಳೆತದ ಉದ್ದ ನಿಮಗೆ ಹೊಂದುತ್ತಾ ಕೇಳಿ. ಕೆಲವು ಬಿಲ್ಲುಗಳಲ್ಲಿ ಅದನ್ನ ಬದಲಿಸೋಕೆ ಬೇರೆ ಬಿಡಿಭಾಗವೇ ಬೇಕು. ಮತ್ತೆ ಒಂದು ಎಚ್ಚರಿಕೆ. ಬಾಣ ಇಡದೆ ಖಾಲಿ ಹೆದೆ ಎಳೆದು ಯಾವತ್ತೂ ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಶಕ್ತಿ ಎಲ್ಲ ಬಿಲ್ಲಿಗೇ ಹೊಡೆಯುತ್ತೆ. ಚೂರುಚೂರಾಗಿ ಮುಖಕ್ಕೆ ಬಂದ ಉದಾಹರಣೆಗಳಿವೆ.

ಬಿಲ್ಲು ಆಯ್ತು. ಈಗ ಬಾಣ. ನಮ್ಮ ಅಳತೆಗೋಲು ನೆನಪಿದೆಯಲ್ಲ? ಜಿಂಕೆಯ ಮೈ ಮುಟ್ಟೋದು ಬಿಲ್ಲಲ್ಲ, ಬಾಣ. ಇಲ್ಲಿ ಚೌಕಾಸಿ ಬೇಡ. ಹಾಗಂತ ಕೈ ಸುಡೋ ಬೆಲೆಯೂ ಇಲ್ಲ. ಅರ್ಧ ಡಜನ್ ಒಳ್ಳೇ ಕಾರ್ಬನ್ ಬಾಣ 60 ಡಾಲರಿನ ಆಸುಪಾಸು. ನೋಡಬೇಕಾದದ್ದು ಎರಡು. ಒಂದು, ಬಾಣದ ಬಿಗಿ. ಬಿಲ್ಲಿನ ಭಾರಕ್ಕೆ, ಬಾಣದ ಉದ್ದಕ್ಕೆ ತಕ್ಕ ಬಿಗಿ ಎಷ್ಟಿರಬೇಕು ಅಂತ ಕಂಪನಿಗಳು ಪಟ್ಟಿ ಕೊಟ್ಟಿರುತ್ತವೆ. ಅದು ತಪ್ಪಿದರೆ ಬಾಣ ಹಾರುತ್ತಾ ಬಾಲ ಅಲ್ಲಾಡಿಸುತ್ತೆ. ಎರಡು, ತೂಕ. ಅಲಗೂ ಸೇರಿ 400 ಗ್ರೇನ್, ಅಂದರೆ ಸುಮಾರು 26 ಗ್ರಾಂ, ಇದ್ದರೆ ಜಿಂಕೆಗೆ ಸಾಕು. ಹಗುರ ಬಾಣ ವೇಗವಾಗಿ ಹೋಗುತ್ತೆ, ಆದರೆ ಒಳಗೆ ಇಳಿಯೋಕೆ ತೂಕ ಬೇಕು. ಪ್ರತಿ ಸಲ ಬಿಡೋ ಮೊದಲು ಕಾರ್ಬನ್ ಬಾಣವನ್ನ ಮೆಲ್ಲಗೆ ಬಗ್ಗಿಸಿ, ಕಿವಿಗೊಟ್ಟು ಕೇಳಿ. ಚಿಟಿಚಿಟಿ ಅಂದರೆ ಮುರಿದು ಬಿಸಾಕಿ. ಬಿರುಕು ಬಿಟ್ಟ ಬಾಣ ಬಿಟ್ಟಾಗ ಸಿಡಿದು ಕೈಗೇ ನಾಟುತ್ತೆ.

ಬಾಣದ ತುದಿಯ ಅಲಗಿಗೆ ಅಲ್ಲಿ ಬ್ರಾಡ್‌ಹೆಡ್ ಅಂತಾರೆ. ಮೂರಕ್ಕೆ 30ರಿಂದ 45 ಡಾಲರ್. ಹಾರುವಾಗ ಮಡಚಿಕೊಂಡಿದ್ದು, ತಗುಲಿದಾಗ ಬಿಚ್ಚಿಕೊಳ್ಳೋ ಅಲಗುಗಳೂ ಇವೆ. ಬಿಚ್ಚಿಕೊಳ್ಳೋಕೂ ಶಕ್ತಿ ಬೇಕಲ್ಲ? ಕಡಿಮೆ ಭಾರದ ಬಿಲ್ಲಿನವರಿಗೆ ಬಿಚ್ಚೋ ಗೋಜಿಲ್ಲದ ಸ್ಥಿರ ಅಲಗೇ ವಾಸಿ. ಬಹಳಷ್ಟು ರಾಜ್ಯಗಳಲ್ಲಿ ಅಲಗಿನ ಅಗಲ ಕನಿಷ್ಠ ಒಂದು ಇಂಚಿನ ಎಂಟರಲ್ಲಿ ಏಳು ಭಾಗ ಇರಬೇಕು ಅಂತ ನಿಯಮ ಇದೆ. ಹರಿತ ಎಷ್ಟಿರಬೇಕು? ಕ್ಷೌರದ ಬ್ಲೇಡಿನಷ್ಟು. ಅಭ್ಯಾಸಕ್ಕೆ ಬಳಸಿದ ಅಲಗನ್ನ ಮಸೆಯದೆ ಬೇಟೆಗೆ ಒಯ್ಯೋದು ಪಾಪ. ಈ ಮಾತನ್ನ ನಾನು ಬೇಕಂತಲೇ ಬಳಸ್ತಿದೀನಿ. ಮೊಂಡು ಅಲಗು ರಕ್ತನಾಳವನ್ನ ಕೊಯ್ಯದೆ ಪಕ್ಕಕ್ಕೆ ತಳ್ಳಿ ಜಾರುತ್ತೆ. ಸಾಯಬೇಕಾದ್ದು ಸಾಯದೆ ನರಳುತ್ತೆ. ಹತ್ತು ಡಾಲರ್ ಉಳಿಸಿದ್ದು ನೀವು, ಅನುಭವಿಸಿದ್ದು ಅದು.

ಇನ್ನು ಉಳಿಸಬಹುದಾದ ಕಡೆ ಬರೋಣ. ಇಲ್ಲಿ ನಿಮ್ಮ ಜಿಪುಣತನ ಎಲ್ಲ ತೋರಿಸಿ.

ಮರದ ಎಲೆ ಚಿತ್ರದ ಬಟ್ಟೆ ಬೇಡ. ಜಾಹೀರಾತಿನಲ್ಲಿ ತಲೆಯಿಂದ ಕಾಲತನಕ ಅದನ್ನೇ ತೊಡಿಸಿರ್ತಾರೆ, ನೂರಾರು ಡಾಲರ್. ಜಿಂಕೆಯ ಕಣ್ಣಿಗೆ ಕೆಂಪು, ಕಿತ್ತಳೆ ಸರಿಯಾಗಿ ಕಾಣಲ್ಲ. ನೀಲಿ ಮಾತ್ರ ಚೆನ್ನಾಗಿ ಕಾಣುತ್ತೆ. ಹಾಗಾಗಿ ಜೀನ್ಸ್ ಪ್ಯಾಂಟು ಬಿಟ್ಟು, ಮಣ್ಣಿನ ಬಣ್ಣದ, ಸರಸರ ಅನ್ನದ ಹಳೇ ಬೆಚ್ಚನೆ ಬಟ್ಟೆ ಹಾಕಿದರೆ ಸಾಕು. ಅದು ನಿಮ್ಮನ್ನ ಕಂಡುಹಿಡಿಯೋದು ಅಲುಗಾಟದಿಂದ, ಮುಖ್ಯವಾಗಿ ವಾಸನೆಯಿಂದ. ವಾಸನೆ ಮರೆಸೋಕೆ ಅಂತ ಮಾರೋ ಸ್ಪ್ರೇಗಳಿಗೆ ದುಡ್ಡು ಸುರಿಯೋ ಬದಲು, ಒಂದು ಸಣ್ಣ ಡಬ್ಬಿಯಲ್ಲಿ ವಾಸನೆಯಿಲ್ಲದ ಪುಡಿ ಇಟ್ಕೊಂಡು ಊದಿ ನೋಡಿ. ಗಾಳಿ ನಿಮ್ಮ ಕಡೆಯಿಂದ ಜಿಂಕೆ ಬರೋ ದಾರಿಗೆ ಹೋಗ್ತಿದ್ದರೆ ಜಾಗ ಬದಲಿಸಿ.

ದೂರ ಅಳೆಯೋ ಲೇಸರ್ ಯಂತ್ರ ಮೊದಲ ವರ್ಷ ಇಲ್ಲದಿದ್ದರೂ ನಡೆಯುತ್ತೆ. ಕೂರೋ ಜಾಗದಿಂದ ಹೆಜ್ಜೆ ಹಾಕಿ 20 ಗಜ ಎಣಿಸಿ, ಅಲ್ಲೊಂದು ಮರ ಗುರುತು ಮಾಡಿಕೊಳ್ಳಿ. ಅದರಾಚೆಗೆ ಬಿಡಲ್ಲ ಅಂತ ಮನಸ್ಸಲ್ಲಿ ಗೆರೆ ಎಳೀರಿ. ಅಭ್ಯಾಸದ ಗುರಿಹಲಗೆಗೆ 70 ಡಾಲರಿನ ಫೋಮ್ ಸಾಕು. ಹಳೇ ಬಟ್ಟೆ ಗಟ್ಟಿಯಾಗಿ ತುಂಬಿದ ಚೀಲವೂ ಆಗುತ್ತೆ, ಆದರೆ ಅದಕ್ಕೆ ಅಭ್ಯಾಸದ ಮೊನೆ ಮಾತ್ರ, ಅಲಗು ಬೇಡ. ಹೆದೆ ಹಿಡಿದು ಬಿಡೋಕೆ ಮಣಿಕಟ್ಟಿಗೆ ಕಟ್ಟೋ ಕೊಕ್ಕೆ ಬರುತ್ತೆ, ರಿಲೀಸ್ ಅಂತಾರೆ. 50 ಡಾಲರಿನದ್ದು ವರ್ಷಗಟ್ಟಲೆ ಬಾಳುತ್ತೆ.

ಈಗ ಮೇಷ್ಟ್ರೇ, ನೀವು ಮಗನಿಗೆ ಖಂಡಿತ ಹೇಳಲೇಬೇಕಾದ ಮಾತು. ಅಲ್ಲಿ ಬಿಲ್ಲು ಬೇಟೆಗಾರರು ಹೆಚ್ಚಾಗಿ ಮರದ ಮೇಲೆ ಕೂರ್ತಾರೆ. ನಮ್ಮ ಕಡೆ ಹೊಲ ಕಾಯೋಕೆ ಅಟ್ಟಣೆ ಕಟ್ಟಿಕೊಳ್ಳಲ್ವಾ, ಹಾಗೆ. ಹದಿನೈದು–ಇಪ್ಪತ್ತು ಅಡಿ ಎತ್ತರ. ಅಲ್ಲಿನ ಬೇಟೆಗಾರರಿಗೆ ಆಗೋ ಗಂಭೀರ ಗಾಯಗಳಲ್ಲಿ ಮುಖ್ಯವಾದದ್ದು ಈ ಅಟ್ಟಣೆಯಿಂದ ಬೀಳೋದು. ಬೆನ್ನುಮೂಳೆ ಮುರಿದು ಮಂಚ ಹಿಡಿದವರಿದ್ದಾರೆ, ಸತ್ತವರಿದ್ದಾರೆ. ಮೈಪೂರ್ತಿ ಕಟ್ಟಿಕೊಳ್ಳೋ ಸುರಕ್ಷಾ ಬೆಲ್ಟು ಬರುತ್ತೆ, 70 ಡಾಲರ್ ಆಸುಪಾಸು. ಜೊತೆಗೆ ನೆಲದಿಂದ ಮೇಲಿನ ತನಕ ಕಟ್ಟೋ ಒಂದು ಹಗ್ಗ. ಕಾಲು ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟೋ ತನಕ ಬೆಲ್ಟು ಆ ಹಗ್ಗಕ್ಕೆ ಸಿಕ್ಕಿಸಿರಬೇಕು, ಯಾಕಂದ್ರೆ ಹತ್ತುವಾಗ ಇಳಿಯುವಾಗಲೂ ಬೀಳ್ತಾರೆ. ಬಿಲ್ಲನ್ನ ಕೈಲಿ ಹಿಡಿದು ಹತ್ತೋ ಹಾಗಿಲ್ಲ, ಮೇಲೆ ಕೂತಾದ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳೋದು. ಹಳೇ ಅಟ್ಟಣೆಯನ್ನ ಯಾರೋ ಪುಕ್ಕಟೆ ಕೊಟ್ಟರೂ ಅದರ ಪಟ್ಟಿ, ನಟ್ಟು ನೋಡದೆ ಹತ್ತಬಾರದು. ಬೆಲ್ಟಿಗೆ ದುಡ್ಡಿಲ್ಲವಾ? ಹಾಗಾದ್ರೆ ಮರವೇ ಬೇಡ. ಪೊದೆ ಹಿಂದೆ ಒಂದು ಸ್ಟೂಲ್ ಹಾಕ್ಕೊಂಡು ನೆಲದ ಮೇಲೆ ಕೂತುಕೊಳ್ಳಲಿ.

ಒಟ್ಟು ಎಷ್ಟಾಯ್ತು? ಬಿಲ್ಲಿನ ಸೆಟ್ 400, ಬಾಣ 60, ಅಲಗು 40, ರಿಲೀಸ್ 50, ಗುರಿಹಲಗೆ 70, ಬೆಲ್ಟು 70, ತರಬೇತಿ ಪರವಾನಗಿಗೆ 60 ಇಟ್ಕೊಳ್ಳಿ. 750 ಡಾಲರ್. ನಮ್ಮ ಲೆಕ್ಕದಲ್ಲಿ ಅಂದಾಜು 65 ಸಾವಿರ ರೂಪಾಯಿ. 1,300 ಡಾಲರಿನ ಬರೀ ಬಿಲ್ಲು ಬಿಟ್ಟು, ಅದರ ಅರ್ಧದ ಸ್ವಲ್ಪ ಮೇಲೆ ಎಲ್ಲ ಸಾಮಾನೂ ಬಂತು. ಅಟ್ಟಣೆ ಬೇಕಾದರೆ ಅದು ಬೇರೆ.

ಇಷ್ಟೆಲ್ಲ ಕೊಂಡ ಮಾತ್ರಕ್ಕೆ ಆಯ್ತಾ? ಇಲ್ಲ. ಬೇಸಿಗೆಯಿಡೀ ಅಭ್ಯಾಸ ಮಾಡಬೇಕು. ಜಿಂಕೆಯ ಹೃದಯ, ಶ್ವಾಸಕೋಶ ಇರೋ ಜಾಗ ಒಂದು ಸಣ್ಣ ಊಟದ ತಟ್ಟೆಯಷ್ಟು, ಎಂಟು–ಹತ್ತು ಇಂಚು. ಗುರಿಹಲಗೆ ಮೇಲೆ ಪೇಪರ್ ತಟ್ಟೆ ಅಂಟಿಸಿ. ಬೆಳಿಗ್ಗೆ ಎದ್ದ ಕೂಡಲೇ, ಮೈ ಬಿಸಿಯಾಗೋ ಮೊದಲೇ, ಒಂದೇ ಒಂದು ಬಾಣ ಬಿಡಿ. ಯಾಕೆ ಒಂದೇ? ಕಾಡಲ್ಲಿ ಸಿಗೋದು ಅದೊಂದೇ. ಆ ಒಂದು ಬಾಣ ದಿನಾಲೂ ತಟ್ಟೆಗೆ ಬೀಳೋದು ಎಷ್ಟು ದೂರದಿಂದಲೋ, ಅದೇ ನಿಮ್ಮ ದೂರ. 15 ಗಜ ಅಂತಾದರೆ 15 ಗಜ. ಪಕ್ಕದವನು 40ರಿಂದ ಹೊಡೀತಾನೆ ಅಂತ ನೀವು ಹೊಡೆಯೋ ಹಾಗಿಲ್ಲ. ಬೇಟೆಗೆ ಒಯ್ಯೋ ಅಲಗನ್ನೇ ಹಾಕಿ ಫೋಮ್ ಮೇಲೆ ಒಂದೆರಡು ಸಲ ಬಿಟ್ಟು ನೋಡಿ, ಆಮೇಲೆ ಮಸೆಯಿರಿ. ಅಭ್ಯಾಸದ ಮೊನೆ ಹಾರೋ ಹಾಗೆ ಅಲಗು ಹಾರಲ್ಲ.

ಬಾಣ ಬಿಟ್ಟಾದ ಮೇಲೂ ಕೆಲಸ ಮುಗಿದಿಲ್ಲ. ಜಿಂಕೆ ಕಣ್ಮರೆಯಾದ ಕೂಡಲೇ ಹಿಂದೆ ಓಡಬಾರದು. ಕನಿಷ್ಠ ಅರ್ಧ ಗಂಟೆ ಕಾಯಬೇಕು. ಹೊಟ್ಟೆಗೆ ತಗುಲಿದೆ ಅಂತ ಅನುಮಾನ ಬಂದರೆ ಎಂಟು–ಹತ್ತು ಗಂಟೆ. ಬೆನ್ನಟ್ಟಿದರೆ ನೋವಲ್ಲೇ ಮೈಲಿಗಟ್ಟಲೆ ಓಡುತ್ತೆ, ಬಿಟ್ಟರೆ ಹತ್ತಿರದಲ್ಲೇ ಮಲಗುತ್ತೆ. ಆಮೇಲೆ ಟಾರ್ಚ್ ಹಿಡಿದು, ರಕ್ತದ ಒಂದೊಂದು ಹನಿ ನೋಡುತ್ತಾ, ಸಿಗೋ ತನಕ ಹುಡುಕಬೇಕು. ಮಾರನೇ ದಿನ ಆಫೀಸ್ ಇದೆ ಅಂತ ಎದ್ದು ಬರೋ ಹಾಗಿಲ್ಲ.

ಮೇಷ್ಟ್ರೇ, ನೀವು ಮಕ್ಕಳಿಗೆ ರಾಮಾಯಣ ಹೇಳಿಕೊಟ್ಟವರು. ಕತ್ತಲಲ್ಲಿ ನೀರು ತುಂಬೋ ಸದ್ದು ಕೇಳಿ, ಆನೆ ಅಂದುಕೊಂಡು ಬಾಣ ಬಿಟ್ಟನಲ್ಲ ದಶರಥ, ಅವನ ಬಿಲ್ಲು ಅಗ್ಗದ್ದಾಗಿತ್ತಾ? ಗುರಿ ತಪ್ಪಿತ್ತಾ? ಬಿಲ್ಲು ಅರಮನೆಯದ್ದು, ಗುರಿಯೂ ಸರಿಯಾಗೇ ಇತ್ತು. ಕಣ್ಣಲ್ಲಿ ನೋಡಿರಲಿಲ್ಲ, ಅಷ್ಟೇ. ಶ್ರವಣಕುಮಾರನ ಕುರುಡು ತಂದೆ ತಾಯಿಯ ಶಾಪ ಕೊನೇ ತನಕ ಬಿಡಲಿಲ್ಲ.

ಆದ್ದರಿಂದ ಮಗನಿಗೆ ಫೋನ್ ಮಾಡಿ. 'ಬೇಡ' ಅಂತ ಹೇಳೋ ಹಕ್ಕು ನಿಮಗಿದೆ, ಹೇಳಿ. ಕೇಳಲಿಲ್ಲ ಅಂದ್ರೆ ಮೂರು ಮಾತು ಹೇಳಿ. ಆ 90 ಡಾಲರಿನದ್ದು ಬಿಟ್ಟು ಅಂಗಡಿಗೆ ಹೋಗಿ ಮೈ ಅಳತೆ ಕೊಡಪ್ಪ. ಬೆಲ್ಟು ಹಾಕದೆ ಮರ ಹತ್ತಬೇಡ. ಮತ್ತೆ, ಮೊದಲ ವರ್ಷ ಬಾಣ ಬಿಡದೇ ವಾಪಸ್ ಬಂದರೆ ನಾಚಿಕೆ ಪಡಬೇಡ. ಆರು ವಾರ ಚಳಿಯಲ್ಲಿ ಕೂತು, ಜಿಂಕೆ ನೋಡಿಕೊಂಡು, ಖಾಲಿ ಕೈಲಿ ಮನೆಗೆ ಬರೋರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಷ್ಟು ಹೊತ್ತು ಸುಮ್ಮನೆ ಕೂರೋದು ಕಲಿತರೆ ಆ 750 ಡಾಲರ್ ದಂಡ ಅಂತ ನನಗನ್ನಿಸಲ್ಲ.